ಐದು ಸಲ ಗೆದ್ದವರಿಗೆ ಆರನೇ ಸಲವೂ ಓಟು ಹಾಕಬೇಕಾ?

ಪರ: ಫೈಲು ಎಲ್ಲಿ ನಿಂತಿದೆ ಅಂತ ಗೊತ್ತಿರುವವರು ಬೇಕು

ನಮ್ಮ ತೋಟದ ಮೊದಲ ಬೋರ್‌ವೆಲ್ ಅಪ್ಪ ಕೊರೆಸಿದ್ದು. 300 ಅಡಿಗೆ ನೀರು ಸಿಕ್ಕಿತ್ತು. ನಾನು ಕೊನೆಯದಾಗಿ ಕೊರೆಸಿದ್ದು 1,400 ಅಡಿ. ಬಂದಿದ್ದು ಬರೀ ಬಿಳಿ ಧೂಳು. ರಾತ್ರಿ ಎರಡು ಗಂಟೆಗೆ ಲಾರಿಯವರು ರಾಡ್ ಎತ್ತುವಾಗ ಅಮ್ಮ ಏನೂ ಮಾತಾಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕೋಲಾರ ತಾಲ್ಲೂಕಿನಲ್ಲಿ ಇಂಥ ರಾತ್ರಿ ಕಾಣದ ರೈತರ ಮನೆ ಕಡಿಮೆ. ಶಾಸಕರ ಆದ್ಯತೆ ಏನಿರಬೇಕು ಅಂತ ಕೇಳಿದರೆ ನಾನು ಕೊಡುವ ಉತ್ತರ ಒಂದೇ, ನೀರು.

ನೀರಿನ ಕೆಲಸ ಐದು ವರ್ಷಕ್ಕೆ ಮುಗಿಯುವುದಲ್ಲ. ಕೆ.ಸಿ. ವ್ಯಾಲಿಯನ್ನೇ ನೋಡಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರ್ ಈ ಕಡೆಯ 126 ಕೆರೆಗಳಿಗೆ ಹರಿಸುವ ಯೋಜನೆ. ಶುದ್ಧ ಮಾಡುವುದು ಬೆಂಗಳೂರು ಜಲಮಂಡಳಿ, ಪೈಪು ಪಂಪು ನೋಡಿಕೊಳ್ಳುವುದು ಸಣ್ಣ ನೀರಾವರಿ ಇಲಾಖೆ, ದುಡ್ಡು ಬಿಡುವುದು ಹಣಕಾಸು ಇಲಾಖೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ನಾವು ಊರಿಂದ ನೋಡೋಕೆ ಹೋಗಿದ್ದೆವು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡಿತು, ನೀರು ನಿಂತಿತು, ವಿಷಯ ಕೋರ್ಟಿಗೆ ಹೋಯಿತು. ಆಮೇಲೆ ಮತ್ತೆ ಹರಿಯಿತು. ಈಗಲೂ ಮೂರನೇ ಹಂತದ ಶುದ್ಧೀಕರಣ ಆಗಬೇಕು ಅಂತ ನಾವು ಕೇಳುತ್ತಲೇ ಇದ್ದೇವೆ. ಇಷ್ಟು ಕಡೆ ಓಡಾಡಿದ ಫೈಲನ್ನು ಮೊದಲ ಸಲ ಗೆದ್ದವರು ಹುಡುಕುವ ಹೊತ್ತಿಗೆ ಎರಡು ವರ್ಷ ಹೋಗಿರುತ್ತದೆ. ಯಾವ ಮೇಜಿನ ಮೇಲೆ ನಿಂತಿದೆ ಅಂತ ಹಳಬರು ಒಂದು ಫೋನಿನಲ್ಲಿ ತಿಳಿದುಕೊಳ್ಳುತ್ತಾರೆ.

ಹಳಬರನ್ನು ಪ್ರಶ್ನೆಯೇ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯದೇ ಇನ್ನೊಂದು ಕ್ಷೇತ್ರ ಶ್ರೀನಿವಾಸಪುರದವರು ಅದನ್ನು ಚೆನ್ನಾಗಿ ಮಾಡಿದ್ದಾರೆ. 1978ರಿಂದ 2023ರವರೆಗೆ 11 ಚುನಾವಣೆ ನಡೆದಿವೆ. ರಮೇಶ್ ಕುಮಾರ್ ಆರು ಸಲ ಗೆದ್ದರು, ವೆಂಕಟಶಿವಾರೆಡ್ಡಿ ಐದು ಸಲ. ಬೇಜಾರಾದಾಗ ಜನ ಸೋಲಿಸಿದರು, ಬೇಕು ಅನಿಸಿದಾಗ ಮತ್ತೆ ಕರೆದರು. ಅನುಭವವೂ ಉಳಿಯಿತು, ಹೆದರಿಕೆಯೂ ಉಳಿಯಿತು.

ಇನ್ನು ದುಡ್ಡಿನ ವಿಷಯ. ಹೆಸರೇ ಗೊತ್ತಿಲ್ಲದವರು ಮೊದಲ ಚುನಾವಣೆಗೆ ಹೆಸರು ಮಾಡಿಕೊಳ್ಳಲಿಕ್ಕೇ ಎಷ್ಟು ಸುರಿಯಬೇಕು ಹೇಳಿ? ನಾನು ನೋಡಿದ ಹೊಸಬರಲ್ಲಿ ಲೇಔಟ್ ಮಾಡಿ ದುಡ್ಡು ಕಂಡವರೇ ಜಾಸ್ತಿ. ಹಾಕಿದ ದುಡ್ಡು ಅವರು ವಾಪಸ್ ನೋಡದೆ ಇರುತ್ತಾರಾ? ಹಳಬರು ನಮ್ಮ ಮದುವೆ, ತಿಥಿ ಎಲ್ಲಕ್ಕೂ ಬಂದು ಹೋದವರು. ಅವರು ಏನು ಅಂತ ನಮಗೆ ಗೊತ್ತು.

ವಿರೋಧ: ಲೆಕ್ಕ ಕಾಣದೆ ಅನುಭವ ಅಳೆಯುವುದು ಹೇಗೆ?

ಎಂಟು ವರ್ಷದಿಂದ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಿದ್ದೇನೆ. ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳಗ್ಗೆ ಮಾರಿಕುಪ್ಪಂ ಗಾಡಿ ನಮ್ಮ ಸ್ಟೇಷನ್ನಿಗೆ ಬರುವಾಗಲೇ ಕಾಲಿಡಲು ಜಾಗ ಇರುವುದಿಲ್ಲ. ನನ್ನ ಜೊತೆ ನಿಂತು ಬರುವವರಲ್ಲಿ ಗಣಿ ಕಾರ್ಮಿಕರ ಮಕ್ಕಳು ತುಂಬಾ ಜನ. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಅವರ ಮನೆಗಳಿಗೆ ಈ ರೈಲೇ ಆಧಾರ. ಕೆ.ಎಚ್. ಮುನಿಯಪ್ಪ ಅವರು 1991ರಿಂದ ಸತತ ಏಳು ಸಲ ನಮ್ಮ ಸಂಸದರಾಗಿದ್ದರು. 2009ರಿಂದ 2012ರವರೆಗೆ ರೈಲ್ವೆ ರಾಜ್ಯ ಸಚಿವರೂ ಆಗಿದ್ದರು. ಗಣಿ ಮುಚ್ಚಿದ್ದಕ್ಕೆ ಒಬ್ಬ ಸಂಸದರನ್ನು ದೂರುವುದು ತಪ್ಪು, ನಾನು ದೂರುವುದೂ ಇಲ್ಲ. ಆದರೆ ರೈಲ್ವೆ ಬಜೆಟ್‌ನಲ್ಲಿ ಹೇಳಿದ ಕೋಚ್ ಫ್ಯಾಕ್ಟರಿ ಕೋಲಾರಕ್ಕೆ ಇವತ್ತಿಗೂ ಬಂದಿಲ್ಲ. 28 ವರ್ಷದ ಅನುಭವ ಇದ್ದರೆ ಕೆಲಸ ತಾನಾಗಿ ಆಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಮತದಾರರೂ ಒಪ್ಪಲಿಲ್ಲ. ಎರಡು ಲಕ್ಷಕ್ಕೂ ಜಾಸ್ತಿ ಓಟಿನ ಅಂತರದಲ್ಲಿ ಬೇರೆಯವರನ್ನು ಆರಿಸಿದರು.

ಶ್ರೀನಿವಾಸಪುರದ ಮಾತು ಬಂತಲ್ವಾ? 45 ವರ್ಷ ಅಲ್ಲಿ ಮೂರನೆಯವರು ಒಬ್ಬರೂ ಗೆದ್ದಿಲ್ಲ. ಅಷ್ಟು ದೊಡ್ಡ ತಾಲ್ಲೂಕಿನಲ್ಲಿ ಒಬ್ಬ ಹೆಣ್ಣುಮಗಳೂ ಯೋಗ್ಯಳಿರಲಿಲ್ವಾ?

ನನಗೆ ಜಾಸ್ತಿ ನೋವಾಗುವುದು ಮತದಾನದ ದಾಖಲೆಯ ವಿಷಯದಲ್ಲಿ. ನಾವು ಹಾಕುವ ಓಟಲ್ಲ, ನಮ್ಮ ಪರವಾಗಿ ಅವರು ಸದನದಲ್ಲಿ ಹಾಕುವ ಓಟು. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂ ತೆಗೆದರು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತಾಯಿತು. ನರಸಾಪುರ, ವೇಮಗಲ್ ಕಡೆ ಎಕರೆ ಎರಡೆಕರೆ ಇಟ್ಟುಕೊಂಡವರಿಗೆ ಇದಕ್ಕಿಂತ ದೊಡ್ಡ ವಿಷಯ ಯಾವುದಿದೆ? ವಿಧಾನಸಭೆಯಲ್ಲಿ ಅದು ಪಾಸಾಗಿದ್ದು ಧ್ವನಿಮತದಿಂದ. ಧ್ವನಿಮತ ಅಂದರೆ ಯಾರು ಹೌದು ಅಂದರು, ಯಾರು ಬೇಡ ಅಂದರು ಅಂತ ಹೆಸರು ಬರೆದಿಡುವುದಿಲ್ಲ. ಹೆಚ್ಚಿನ ಮಸೂದೆಗಳು ಹೀಗೇ ಪಾಸಾಗುತ್ತವೆ. 2019ರ ಜುಲೈ 23ರಂದು ವಿಶ್ವಾಸಮತಕ್ಕೆ ಮಾತ್ರ ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದರು. 99 ಪರ, 105 ವಿರೋಧ. ಸರ್ಕಾರ ಉಳಿಯುತ್ತಾ ಇಲ್ವಾ ಅಂತ ನೋಡೋಕೆ ಎಣಿಸಲು ಆಗುತ್ತದೆ ಅಂದಮೇಲೆ ನಮ್ಮ ಜಮೀನಿನ ವಿಷಯಕ್ಕೂ ಆಗಬೇಕು.

ಪಕ್ಷ ವಿಪ್ ಕೊಟ್ಟರೆ, ಅಂದರೆ ಹೀಗೇ ಓಟು ಹಾಕಬೇಕು ಅಂತ ಆದೇಶ ಕೊಟ್ಟರೆ, ಶಾಸಕರ ಕೈ ಕಟ್ಟಿಹಾಕಿದ ಹಾಗೆ, ನಿಜ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಹಾಗಿದೆ, ವಿಪ್ ಮೀರಿದರೆ ಸ್ಥಾನ ಹೋಗಬಹುದು. ಆದರೆ ಐದು ಸಲ ಗೆದ್ದವರ ಮಾತಿಗೆ ಪಕ್ಷದ ಒಳಗೆ ತೂಕ ಇರುತ್ತದೆ. ವಿಪ್ ಬರುವ ಮುಂಚೆ ಅವರು ನಮ್ಮ ಪರ ಏನು ಹೇಳಿದರು? ಅದನ್ನು ಊರಿಗೆ ಬಂದು ಹೇಳಬೇಕು.

ದುಡ್ಡಿನ ಲೆಕ್ಕ ನಾನೇ ನೋಡಿದ್ದೇನೆ. ವಿಧಾನಸಭೆ ಚುನಾವಣೆಗೆ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. 2018ರ ಚುನಾವಣೆಯಲ್ಲಿ ಮಿತಿ 28 ಲಕ್ಷ ಇತ್ತು. ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ಕೊಡದಿದ್ದರೆ ಚುನಾವಣಾ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಆದರೆ ಅಭ್ಯರ್ಥಿಗಿರುವ ಈ ಮಿತಿ ಪಕ್ಷಕ್ಕಿಲ್ಲ. ಒಂದು ಸಲ ಒಬ್ಬ ಅಭ್ಯರ್ಥಿಯ ಲೆಕ್ಕದ ಪ್ರತಿ ತಂದು ಮನೆಯಲ್ಲಿ ಕೂತು ಓದಿದೆ. ಟೀಗೆ ಇಷ್ಟು, ಕುರ್ಚಿ ಬಾಡಿಗೆ ಇಷ್ಟು, ಶಾಮಿಯಾನ ಇಷ್ಟು, ಆಟೋ ಮೈಕಿಗೆ ಇಷ್ಟು. ಕೂಡಿದರೆ ಒಂದು ರೂಪಾಯಿ ತಪ್ಪಿಲ್ಲ. ಓದುತ್ತಾ ಓದುತ್ತಾ ನನಗೆ ನೆನಪಾಗಿದ್ದು ಮತದಾನದ ಹಿಂದಿನ ರಾತ್ರಿ.

ನಮ್ಮ ಬೀದಿಯಲ್ಲಿ 42 ಮನೆ. ಹತ್ತೂವರೆಗೆ ಕರೆಂಟು ಹೋಯಿತು. ಒಬ್ಬ ಹುಡುಗ ಮೊಬೈಲ್ ಟಾರ್ಚ್ ಹಿಡಿದು ಮತದಾರರ ಪಟ್ಟಿ ನೋಡಿಕೊಂಡು ಬಂದ. ನಮ್ಮ ಮನೆಯಲ್ಲಿ ಮೂರು ಓಟು. ಅಮ್ಮನ ಕೈಗೆ ಕವರ್ ಇಟ್ಟು ಮುಂದಿನ ಮನೆಗೆ ಹೋದ. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಓಡಿದರು. "ತಗೊಳಪ್ಪಾ, ಬೇಡ ನಮಗೆ" ಅಂದರು. ಅವನು ಕವರ್ ಮುಟ್ಟಲಿಲ್ಲ. ಪಟ್ಟಿಯ ಮೇಲೆ ಬೆಳಕು ಬಿಟ್ಟು ತೋರಿಸಿದ. "ಟಿಕ್ ಹಾಕಿ ಆಗೋಯ್ತಲ್ಲ ಅಕ್ಕಾ, ಲೆಕ್ಕ ತಪ್ಪೋಗುತ್ತೆ" ಅಂದ.