ವಿಮಾನದಲ್ಲಿ ಕಳೆದುಹೋದ ಆರು ವರ್ಷ

ನಮ್ಮ ಅಕ್ಕನ ಮಗ ಚಿಕ್ಕಬಳ್ಳಾಪುರದ ಮನೆಯಿಂದ ಹೊರಟು ದೇವನಹಳ್ಳಿಯಲ್ಲಿ ವಿಮಾನ ಹತ್ತಿದಾಗ ಅವನ ಬಳಿ ತಲಾ 23 ಕಿಲೋ ತೂಕದ ಎರಡು ಸೂಟ್‌ಕೇಸುಗಳೂ ಸಿವಿಲ್ ಇಂಜಿನಿಯರಾಗಿ ದುಡಿದ ಆರು ವರ್ಷದ ಅನುಭವವೂ ಇದ್ದವು. ಕೆನಡಾದ ಟೊರೊಂಟೊದಲ್ಲಿ ಇಳಿದಾಗ ಸೂಟ್‌ಕೇಸುಗಳೆರಡೂ ಸುರಕ್ಷಿತವಾಗಿ ಸಿಕ್ಕಿದವು. ಅಕ್ಕ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳುಹಿಸಿದ್ದ ಹುರುಳಿ ಚಟ್ನಿಪುಡಿ ಒಂದು ಚಿಟಿಕೆಯೂ ಚೆಲ್ಲಿರಲಿಲ್ಲ. ಅನುಭವ ಮಾತ್ರ ಬೆಲ್ಟಿನ ಮೇಲೆ ಬರಲೇ ಇಲ್ಲ. ಸಾಮಾನು ಕಳೆದವರ ದೂರು ಬರೆದುಕೊಳ್ಳುವುದಕ್ಕೆ ವಿಮಾನ ನಿಲ್ದಾಣದಲ್ಲಿ ಒಂದು ಕಿಟಕಿ ಇರುತ್ತದೆ. ಸಾಗರದ ಮೇಲೆ ಎಲ್ಲೋ ಆವಿಯಾಗಿ ಹೋದ ಆರು ವರ್ಷಗಳಿಗೆ ಯಾವ ಕಿಟಕಿಯ ಮುಂದೆ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ.

ಆ ಅನುಭವ ಬರೀ ಕಾಗದದ್ದಾಗಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಒಣಗಿದ ಕೆರೆಗಳಿಗೆ ಹರಿಸುವ ಕೊಳವೆ ಮಾರ್ಗದಲ್ಲಿ ಅವನು ಬಿಸಿಲು, ಧೂಳು ಮತ್ತು ಜಮೀನಿನವರ ಬೈಗುಳ ಮೂರನ್ನೂ ಸಮಾನವಾಗಿ ಸ್ವೀಕರಿಸಿ ದುಡಿದಿದ್ದ. ಆ ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಬೇಕೆಂದು ನಮ್ಮ ರೈತರು ಕೇಳುತ್ತಿರುವುದು ನ್ಯಾಯವೇ ಆದರೂ ಅದು ಬೇರೆ ವಿಷಯ. ಇವನು ಹಾಕಿಸಿದ ಕೊಳವೆ ಸೋರಲಿಲ್ಲ.

ಕೆನಡಾ ಸರ್ಕಾರವೂ ಈ ಅನುಭವವನ್ನು ನಂಬಿತ್ತು. ವಲಸೆ ಬರುವವರನ್ನು ಅಂಕಗಳಿಂದ ಆರಿಸುವ ಪದ್ಧತಿಯನ್ನು 1967ರಲ್ಲೇ ಆರಂಭಿಸಿದ ಆ ದೇಶ 2015ರಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಹೆಸರಿನಲ್ಲಿ 1,200 ಅಂಕಗಳ ತಕ್ಕಡಿಯೊಂದನ್ನು ಮುಂದಿಟ್ಟುಕೊಂಡು ಕುಳಿತಿದೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಒತ್ತಿ, ಅಲುಗಿಸಿ, ಬೆಳಕಿಗೆ ಹಿಡಿದು ನೋಡುವ ರೀಲರುಗಳೂ ಇಷ್ಟು ಕೂಲಂಕಷವಾಗಿ ಪರೀಕ್ಷಿಸುವುದಿಲ್ಲ. ಅಭ್ಯರ್ಥಿ ಒಂಟಿಯಾಗಿದ್ದು 20ರಿಂದ 29ರ ಒಳಗಿದ್ದರೆ ವಯಸ್ಸಿಗೇ 110 ಅಂಕ ಸಿಗುತ್ತದೆ. ಮೂವತ್ತರಿಂದ ಅದು ಕರಗತೊಡಗಿ 45ಕ್ಕೆ ಸೊನ್ನೆಯಾಗುತ್ತದೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳಿಸಿಕೊಳ್ಳುವುದಕ್ಕೆ 8, ಓದು, ಬರಹ, ಮಾತಿಗೆ ತಲಾ 7 ಬಂದರೆ ಒಳ್ಳೆಯ ಅಂಕ. ಹೀಗಾಗಿ 8777 ಎಂಬ ಸಂಖ್ಯೆಯನ್ನು ನಮ್ಮ ಹುಡುಗರು ಚತುರಕ್ಷರಿ ಮಂತ್ರದಂತೆ ಜಪಿಸುತ್ತಾರೆ. ಅವನ ಅಂಕಪಟ್ಟಿಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ ಹೋಗಿ ಮೌಲ್ಯಮಾಪನ ಸಂಸ್ಥೆಯನ್ನು ತಲುಪಿದವು, ಮತ್ತು ಅವನ ಪದವಿ ಕೆನಡಾದ ಪದವಿಗೆ ಸಮ ಎಂಬ ಪ್ರಮಾಣಪತ್ರ ಬಂತು. ಏನೇನು ಕೆಲಸ ಮಾಡಿದ, ವಾರಕ್ಕೆ ಎಷ್ಟು ಗಂಟೆ ಮಾಡಿದ, ಎಷ್ಟು ಸಂಬಳ ಪಡೆದ ಎಂಬ ಪತ್ರವನ್ನೂ ಕೇಳಿದರು. ಜೀವಮಾನದಲ್ಲಿ ಬಿಲ್ಲನ್ನು ಬಿಟ್ಟು ಬೇರೇನನ್ನೂ ಬರೆಯದ ಅವನ ಕಂಟ್ರಾಕ್ಟರು ಇವನೇ ಟೈಪು ಮಾಡಿದ ಪತ್ರವನ್ನು ಎರಡು ಸಲ ಓದಿ, ಇಷ್ಟೆಲ್ಲ ಕೆಲಸ ನೀನು ಮಾಡುತ್ತಿದ್ದೆ ಎಂದು ಗೊತ್ತಿದ್ದರೆ ಹೋಗಲು ಬಿಡುತ್ತಿರಲಿಲ್ಲ ಎಂದು ಹೇಳಿ ಮೊಹರು ಒತ್ತಿದರು.

ಇಷ್ಟೆಲ್ಲ ಅಳೆದು ಸುರಿದು, ನಿನ್ನ ಅನುಭವ ನಮಗೆ ಬೇಕು ಎಂದು ಕರೆಸಿಕೊಂಡ ದೇಶದಲ್ಲಿ ಅವನಿಗೆ ಎದುರಾದ ಮೊದಲ ಪ್ರಶ್ನೆ: ನಿಮಗೆ ಕೆನಡಾದ ಅನುಭವ ಇದೆಯೇ? ಇಳಿದು ಹನ್ನೊಂದು ದಿನವಾಗಿತ್ತು. ಹನ್ನೊಂದು ದಿನದ ಅನುಭವ ಇದೆ ಎಂದು ಅವನು ಪ್ರಾಮಾಣಿಕವಾಗಿ ಉತ್ತರಿಸಿದ, ಅವರು ನಗಲಿಲ್ಲ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆಯನ್ನು ನಾವು ಇಷ್ಟು ದಿನ ನಮ್ಮದೆಂದೇ ತಿಳಿದಿದ್ದೆವು. ಅದು ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಉದ್ಯೋಗ ನೀತಿ ಎಂಬುದು ಈಗ ಗೊತ್ತಾಯಿತು. ಬಾಗಿಲಲ್ಲಿ ಅಂಕ ಎಣಿಸುವುದು ಅಲ್ಲಿನ ಕೇಂದ್ರ ಸರ್ಕಾರ, ಒಳಗೆ ಕೆಲಸ ಕೊಡಬೇಕಾದವರು ಖಾಸಗಿಯವರು ಎಂಬ ಸಮಜಾಯಿಷಿ ಇದೆ, ನಿಜ. ಜೋಯಿಸರು ಕೂಟಗಳನ್ನೆಲ್ಲ ಕೂಡಿಸಿ ಒಪ್ಪಿಗೆ ಕೊಟ್ಟ ಮೇಲೆ ಮನೆ ತುಂಬಿದ ಸೊಸೆಗೆ, ನಮ್ಮ ಮನೆಯಲ್ಲಿ ಸಾರು ಮಾಡಿದ ಅಭ್ಯಾಸ ಮೊದಲೇ ಇದೆಯೇನಮ್ಮ ಎಂದು ಅತ್ತೆ ಕೇಳಿದರೆ, ಜೋಯಿಸರೂ ಅತ್ತೆಯೂ ಬೇರೆ ಬೇರೆ ಇಲಾಖೆಯವರು ಎಂದು ಸಮಾಧಾನ ಹೇಳಿದಂತೆ.

ನಮ್ಮ ಊರಿನಿಂದ ಕೆಲವೇ ಕಿಲೋಮೀಟರು ದೂರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮಹನೀಯರ ಹೆಸರು ಇವನ ಪದವಿ ಪತ್ರದ ತಲೆಯ ಮೇಲೆಯೇ ಇರುವುದರಿಂದ, ಅವರೇ ಖುದ್ದಾಗಿ ಈಗ ಅಲ್ಲಿಗೆ ಹೋಗಿ ಅರ್ಜಿ ಹಾಕಿದ್ದರೆ ಏನಾಗುತ್ತಿತ್ತೆಂದು ನಾನು ಕೆಲವು ರಾತ್ರಿ ನಿದ್ದೆಗೆಟ್ಟು ಯೋಚಿಸಿದ್ದೇನೆ. ಮೊದಲನೆಯದಾಗಿ, ಕಂಪ್ಯೂಟರು ಅವರಿಗೆ 'ಪ್ರಿಯ ಮೋಕ್ಷಗುಂಡಂ' ಎಂದು ಪತ್ರ ಬರೆಯುತ್ತಿತ್ತು, ಅಂದರೆ ಒಂದು ಊರಿಗೆ ಪತ್ರ ಬರೆಯುತ್ತಿತ್ತು. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದ್ದನ್ನು ಅವರು ಬರೆದುಕೊಂಡಿದ್ದರೆ, ಗೇಟು ಭಾರತದಲ್ಲಿದೆ ಎಂಬ ಕಾರಣಕ್ಕೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. 1906ರಲ್ಲಿ ನೀರು ಪೂರೈಕೆ ಮತ್ತು ಚರಂಡಿಯ ವ್ಯವಸ್ಥೆಗೆ ಸಲಹೆ ಕೊಡಲು ಸರ್ಕಾರ ಅವರನ್ನು ಸಮುದ್ರದಾಚೆಯ ಏಡನ್‌ಗೆ ಕಳುಹಿಸಿತು. ಅಲ್ಲಿ ಹಡಗು ಇಳಿದವರನ್ನು ತಡೆದು, ಏಡನ್‌ನಲ್ಲಿ ಹಿಂದೆ ಎಷ್ಟು ಚರಂಡಿ ತೋಡಿಸಿದ್ದೀರಿ ಎಂದು ಯಾರೂ ಕೇಳಿದಂತೆ ತೋರುವುದಿಲ್ಲ. 1908ರ ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ ಹೈದರಾಬಾದಿನ ನಿಜಾಮರ ಸರ್ಕಾರವೂ ಮರುವರ್ಷ ಅವರನ್ನು ಕರೆಸಿಕೊಂಡಿತೇ ಹೊರತು ಹೈದರಾಬಾದಿನಲ್ಲೇ ಹಿಂದೆ ಪ್ರವಾಹ ಎದುರಿಸಿದ ಅನುಭವವಿದ್ದವರೇ ಬೇಕೆಂದು ಹಟ ಹಿಡಿಯಲಿಲ್ಲ. ಆ ಹೊತ್ತಿಗೆ ಅವರಿಗೆ 45 ದಾಟಿತ್ತು. ಕನ್ನಂಬಾಡಿ ಕಟ್ಟೆಯೂ ಮೈಸೂರಿನ ದಿವಾನಗಿರಿಯೂ ಅದರ ನಂತರ ಬಂದವು. ಎಕ್ಸ್‌ಪ್ರೆಸ್ ಎಂಟ್ರಿಯ ತಕ್ಕಡಿಯಲ್ಲಿ ಅವರ ವಯಸ್ಸಿಗೆ ಸಿಗುತ್ತಿದ್ದುದು ಸೊನ್ನೆ.

ಹೀಗೆ ಮಾಡುವುದು ತಪ್ಪು ಎಂದು ಅಲ್ಲಿನವರಿಗೆ ತಿಳಿದಿಲ್ಲವೆಂದು ಯಾರೂ ಭಾವಿಸಬಾರದು. ಕೆನಡಾದ ಅನುಭವವೇ ಬೇಕೆಂದು ಪಟ್ಟು ಹಿಡಿಯುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತು. ಇಂಜಿನಿಯರುಗಳಿಗೆ ಪರವಾನಗಿ ಕೊಡುವ ಪ್ರಾಂತ್ಯದ ಸಂಸ್ಥೆ, ಹನ್ನೆರಡು ತಿಂಗಳು ಕೆನಡಾದಲ್ಲೇ ದುಡಿದಿರಬೇಕೆಂಬ ನಿಯಮವನ್ನು 2023ರ ಮೇ ತಿಂಗಳಲ್ಲಿ ತೆಗೆದುಹಾಕಿತು. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ಜಾಹೀರಾತಿನಲ್ಲಿ ಈ ಷರತ್ತನ್ನು ಹಾಕುವಂತಿಲ್ಲ ಎಂಬ ಕಾನೂನು 2026ರ ಜನವರಿ 1ರಿಂದ ಜಾರಿಗೆ ಬಂತು. ಕಾನೂನು ಜಾಹೀರಾತನ್ನು ತಿದ್ದಿತು, ಮನಸ್ಸು ಜಾಹೀರಾತಿನ ಹೊರಗೇ ಉಳಿಯಿತು. ಈಗ ಆ ಮಾತನ್ನು ಯಾರೂ ಆಡುವುದಿಲ್ಲ. ಬದಲಿಗೆ ಇಲ್ಲಿನ ಮಾರುಕಟ್ಟೆಯ ಪರಿಚಯ, ನಮ್ಮ ತಂಡಕ್ಕೆ ಹೊಂದಿಕೆ, ಸಂವಹನ ಶೈಲಿ ಎಂಬ ಮೃದುವಾದ ಮಾತುಗಳು ಬಂದಿವೆ, ಮತ್ತು ಅರ್ಜಿ ಹಾಕಿದ ಆರನೇ ನಿಮಿಷಕ್ಕೆ, ನಿಮ್ಮ ಹಿನ್ನೆಲೆ ನಮ್ಮನ್ನು ಬಹಳ ಪ್ರಭಾವಿಸಿತು, ಆದರೆ ಬೇರೆ ಅಭ್ಯರ್ಥಿಗಳೊಂದಿಗೆ ಮುಂದುವರಿಯಲು ನಿರ್ಧರಿಸಿದ್ದೇವೆ ಎಂಬ ಪತ್ರ ಬರುತ್ತದೆ. ಆರು ನಿಮಿಷದಲ್ಲಿ ಒಬ್ಬರ ಹಿನ್ನೆಲೆಯಿಂದ ಅಷ್ಟೊಂದು ಪ್ರಭಾವಿತರಾಗಬಲ್ಲವರು ನಮ್ಮ ತಾಲ್ಲೂಕು ಕಚೇರಿಯಲ್ಲಿ ಒಬ್ಬರೂ ಇಲ್ಲ. ಅಕ್ಕನ ಮಗನ ಬಳಿ ಇಂತಹ ಪ್ರಭಾವಿತರ ಪತ್ರಗಳು ನೂರನಲವತ್ತು ಇವೆ.

ಹೊಸದಾಗಿ ಬಂದವರಿಗೆ ಕೆಲಸ ಹುಡುಕುವುದನ್ನು ಕಲಿಸುವ ಉಚಿತ ಶಿಬಿರಕ್ಕೂ ಅವನು ಹೋದ. ಅರ್ಜಿಯಲ್ಲಿ ಫೋಟೊ, ವಯಸ್ಸು, ಮದುವೆಯಾಗಿದೆಯೋ ಇಲ್ಲವೋ ಎಂಬುದು, ತಂದೆಯ ಹೆಸರು ಯಾವುದೂ ಇರಬಾರದೆಂದು ಅಲ್ಲಿ ಮೊದಲು ಹೇಳಿದರು. ನಮ್ಮ ಕಡೆಯ ಬಯೋಡೇಟಾದಿಂದ ಇಷ್ಟನ್ನೂ ತೆಗೆದರೆ, ಮೇಲೆ ಹೇಳಿದ ವಿಷಯಗಳೆಲ್ಲ ಸತ್ಯವೆಂದು ದೃಢೀಕರಿಸುತ್ತೇನೆ ಎಂಬ ಕೊನೆಯ ಸಾಲು ಮಾತ್ರ ಉಳಿಯುತ್ತದೆ. ಅನಂತರ ಅಲ್ಲಿನ ಗುರುಗಳು ದನಿ ತಗ್ಗಿಸಿ ಒಂದು ಗುಟ್ಟು ಹೇಳಿದರು: ಒಳ್ಳೆಯ ಕೆಲಸಗಳು ಜಾಹೀರಾತಿಗೆ ಬರುವುದೇ ಇಲ್ಲ, ಅವು ಬಲ್ಲವರ ಮೂಲಕ ಬಲ್ಲವರಿಗೆ ಸಿಗುತ್ತವೆ, ಆದ್ದರಿಂದ ಅಪರಿಚಿತರನ್ನು ಕಾಫಿಗೆ ಕರೆದು ಪರಿಚಯ ಬೆಳೆಸಿಕೊಳ್ಳಬೇಕು, ಆದರೆ ಕೆಲಸ ಕೇಳಬಾರದು. ಇದಕ್ಕೆ ನೆಟ್‌ವರ್ಕಿಂಗ್ ಎಂದು ಹೆಸರು. ನಾವು ಇದನ್ನೇ ವಶೀಲಿ ಎಂದು ಕರೆದು, ದೇಶ ಹಾಳಾಗುವುದು ಇದರಿಂದಲೇ ಎಂದು ನಿಟ್ಟುಸಿರು ಬಿಡುತ್ತಾ, ಇದರಿಂದ ಪಾರಾಗಲೆಂದು ಹುಡುಗರನ್ನು ಹೊರದೇಶಕ್ಕೆ ಕಳುಹಿಸಿದ್ದೆವು. ನಮ್ಮ ವಶೀಲಿಯಲ್ಲಿ ಕಾಫಿ ಕುಡಿಸಿದ ಮೇಲೆ ಕೆಲಸದ ಮಾತನ್ನು ಎತ್ತಬಹುದು ಎಂಬುದೊಂದೇ ವ್ಯತ್ಯಾಸ. ಅದೂ ಆಗದಿದ್ದರೆ ಸ್ವಯಂಸೇವಕನಾಗಿ ಸಂಬಳವಿಲ್ಲದೆ ದುಡಿದು ಸ್ಥಳೀಯ ಅನುಭವ ಸಂಪಾದಿಸು ಎಂದರು. ಬಿಟ್ಟಿ ಚಾಕರಿ ಎಂಬ ನಮ್ಮ ಪದಕ್ಕೆ ಇಷ್ಟು ಗೌರವಾನ್ವಿತ ಅನುವಾದ ಇರಬಹುದೆಂದು ನಾನು ಊಹಿಸಿರಲಿಲ್ಲ.

ಇತ್ತ ಅಕ್ಕನ ಕಷ್ಟ ಬೇರೆ. ಮಗ ಏನು ಮಾಡುತ್ತಿದ್ದಾನೆ ಎಂದು ಬಿ.ಬಿ. ರಸ್ತೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಅಲ್ಲಿ ಪರವಾನಗಿ ಇಲ್ಲದವನು ವೃತ್ತಿಯಲ್ಲಿ ತನ್ನನ್ನು ಇಂಜಿನಿಯರ್ ಎಂದು ಕರೆದುಕೊಳ್ಳುವಂತಿಲ್ಲ ಎಂಬ ಕಾನೂನನ್ನು ಆಕೆಗೆ ವಿವರಿಸುವುದು ನನ್ನಿಂದಾಗಲಿಲ್ಲ, ಏಕೆಂದರೆ ನಮ್ಮಲ್ಲಿ ಕಂಕುಳಲ್ಲಿ ನಕ್ಷೆ ಸುರುಳಿ ಇಟ್ಟುಕೊಂಡು ಮಣ್ಣಿನ ಗುಡ್ಡೆಯ ಮೇಲೆ ನಿಂತ ಯಾರೇ ಆಗಲಿ ಇಂಜಿನಿಯರ್ ಸಾಹೇಬರೇ. ಅವನು ಆ ಹೊತ್ತಿಗೆ ಬ್ರಾಂಪ್ಟನ್ನಿನ ಗೋದಾಮೊಂದರಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸಕ್ಕೆ ಸೇರಿದ್ದ. ಆ ಕೆಲಸಕ್ಕೆ ಪದವಿ ಹೆಚ್ಚಾಯಿತೆಂದು ಮೊದಲು ಎರಡು ಕಡೆ ತಿರಸ್ಕರಿಸಿದ್ದರಿಂದ, ಬೆಳಗಾವಿಯಿಂದ ಅಷ್ಟು ಕಷ್ಟಪಟ್ಟು ತರಿಸಿದ ಪದವಿಯನ್ನು ಅರ್ಜಿಯಿಂದ ಅಳಿಸಿ, ತಾನು ದ್ವಿತೀಯ ಪಿಯುಸಿ ಎಂದು ಬರೆದುಕೊಂಡಿದ್ದ. ಸುಳ್ಳು ಹೇಳಿ ಓದನ್ನು ಹೆಚ್ಚಿಸಿಕೊಂಡವರನ್ನು ನಾನು ನೋಡಿದ್ದೇನೆ; ಇಳಿಸಿಕೊಂಡವನನ್ನು ನೋಡಿದ್ದು ಇದೇ ಮೊದಲು. ಅಕ್ಕ ಮಾತ್ರ, ಲಾಜಿಸ್ಟಿಕ್ಸ್‌ನಲ್ಲಿದ್ದಾನೆ ಎಂದು ಎಲ್ಲರಿಗೂ ಹೇಳಿದಳು. ಆ ಪದವನ್ನು ಆಕೆಗೆ ಯಾರು ಕಲಿಸಿದರೋ ಗೊತ್ತಿಲ್ಲ, ಆದರೆ ಕೇಳಿದವರು ತಲೆ ತಗ್ಗಿಸಿ ಹೋಗುತ್ತಿದ್ದರು.

ನಾವೇನೂ ಕೆನಡಾದವರಿಗಿಂತ ಮೇಲಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಈಗತಾನೆ ಓದು ಮುಗಿಸಿದವರೇ ಬೇಕು, ಎರಡು ವರ್ಷದ ಅನುಭವ ಕಡ್ಡಾಯ ಎಂಬ ಜಾಹೀರಾತು ಬೆಂಗಳೂರಿನಿಂದ ನಮ್ಮ ಹುಡುಗರ ಮೊಬೈಲಿಗೆ ನಿತ್ಯ ಬರುತ್ತದೆ, ಮತ್ತು ಅದನ್ನು ಓದಿ ನಗುವವರು ಕಡಿಮೆ.

ಎಂಟು ತಿಂಗಳು ಪೆಟ್ಟಿಗೆ ಎತ್ತಿದ ಮೇಲೆ ಕಳೆದ ತಿಂಗಳು ಅವನಿಗೆ ಒಂದು ಸಂದರ್ಶನದ ಕರೆ ಬಂತು. ನೀರಿನ ಕೊಳವೆ ಹಾಕುವ ಒಂದು ಸಂಸ್ಥೆಯಲ್ಲಿ ಕಾಮಗಾರಿ ನೋಡಿಕೊಳ್ಳುವ ಕಿರಿಯ ಹುದ್ದೆ. ಹೆಬ್ಬಾಳ-ನಾಗವಾರದ ಕೊಳವೆಯ ವ್ಯಾಸ, ಒತ್ತಡ, ಉದ್ದಗಳನ್ನು ಅವನು ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಅವರು ಆ ಪುಟವನ್ನು ತಿರುಗಿಸಿ, ಕೊನೆಯ ಸಾಲಿನಲ್ಲಿದ್ದ ಗೋದಾಮಿನ ಹೆಸರಿನ ಮೇಲೆ ಬೆರಳಿಟ್ಟು, ಸಂತೋಷ, ನಿಮಗೆ ಇಲ್ಲಿನ ಅನುಭವ ಇದೆಯಲ್ಲ ಎಂದರಂತೆ. ಗೋದಾಮಿನ ಮೇಲ್ವಿಚಾರಕರು ಇವನು ಸಮಯಕ್ಕೆ ಸರಿಯಾಗಿ ಬರುತ್ತಾನೆ, ಪೆಟ್ಟಿಗೆಗಳನ್ನು ಜೋಪಾನವಾಗಿ ಇಡುತ್ತಾನೆ ಎಂದು ಮೂರು ಸಾಲಿನ ಪತ್ರ ಕೊಟ್ಟರು, ಕೆಲಸ ಸಿಕ್ಕಿತು. ಆ ಪತ್ರದ ಚಿತ್ರವನ್ನು ಅವನು ಮೊಬೈಲಿಗೆ ಕಳುಹಿಸಿದಾಗ ಅಕ್ಕ ಅದನ್ನು ಬಿ.ಬಿ. ರಸ್ತೆಯ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಹಾಲ್‌ನ ಗೋಡೆಯ ಮೇಲೆ ಮುದ್ದೇನಹಳ್ಳಿಯವರ ಪೇಟ ತೊಟ್ಟ ಭಾವಚಿತ್ರದ ಪಕ್ಕದಲ್ಲಿ, ಅದಕ್ಕಿಂತ ಒಂದು ಗೇಣು ಎತ್ತರಕ್ಕೇ ನೇತುಹಾಕಿದ್ದಾಳೆ.