1962ರ ಅಮೆರಿಕದ ಲೈನು, ನಮ್ಮೂರ ಟಿಸಿ

ದಾವಣಗೆರೆಯಲ್ಲಿ ನಮಗೆ ಪವರ್ ಸಿಸ್ಟಮ್ಸ್ ಪಾಠ ಮಾಡಿದ ಸರ್ ಒಬ್ಬರು ರಿಟೈರ್ ಆದರು. ಬೀಳ್ಕೊಡುಗೆಯಲ್ಲಿ ಅವರ ಬಯೋಡೇಟಾ ಓದಿದರು. ಲೆಕ್ಚರರ್ ಆಗಿ ಸೇರಿದ್ದು, ಪಿಎಚ್‌ಡಿ, ಎಚ್‌ಒಡಿ, ಇಷ್ಟು ಪೇಪರ್, ಇಷ್ಟು ಕಾನ್ಫರೆನ್ಸ್. ಶಾಲು, ಹಾರ, ಫೋಟೋ. ಅವರು ಯಾವುದರ ಬಗ್ಗೆ ತಲೆ ಕೆಡಿಸಿಕೊಂಡಿದ್ದರು ಅನ್ನುವುದಕ್ಕೆ ಸಿಕ್ಕಿದ್ದು ಒಂದೇ ಸಾಲು: ಆಸಕ್ತಿಯ ಕ್ಷೇತ್ರ, ವಿದ್ಯುತ್ ವಿತರಣೆ.

ನನ್ನ ಪ್ರಕಾರ ಆ ಸಾಲನ್ನೇ ಅರ್ಧ ಗಂಟೆ ಮಾತಾಡಬೇಕಿತ್ತು.

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟ ಇರುವವರಿಗೆ ವಿತರಣೆ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ತ್ರೀ ಫೇಸ್ ಬಂದ ಕೂಡಲೇ ಎಲ್ಲರ ಮೋಟಾರೂ ಒಟ್ಟಿಗೆ ಶುರು. ಲೈನಿನ ಕೊನೆಯ ತೋಟದಲ್ಲಿ ವೋಲ್ಟೇಜ್ ಕುಸಿಯುತ್ತದೆ. ಆಗ ಮೋಟಾರ್ ಅದೇ ನೀರೆತ್ತಲು ಜಾಸ್ತಿ ಕರೆಂಟ್ ಎಳೆಯುತ್ತದೆ. ಕಾಯಿಲ್ ಬಿಸಿಯಾಗಿ ಸುಟ್ಟು ಹೋಗುತ್ತದೆ. ವೈಂಡಿಂಗ್ ಅಂಗಡಿಯವರಿಗೆ ಹಬ್ಬ.

ಸರ್ ಹಿಡಿದಿದ್ದು ಇದನ್ನೇ. ಮೋಟಾರಿನ ಪಕ್ಕ ಒಂದು ಕೆಪಾಸಿಟರ್ ಹಾಕಿದರೆ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.7ರಿಂದ 0.95ಕ್ಕೆ ಏರುತ್ತದೆ ಅಂದುಕೊಳ್ಳಿ. ಲೈನಿನಲ್ಲಿ ಹರಿಯುವ ಕರೆಂಟ್ ಕಾಲು ಭಾಗ ಇಳಿಯುತ್ತದೆ. ಲೈನು ಬಿಸಿಯಾಗಿ ಆಗುವ ನಷ್ಟ ಕರೆಂಟಿನ ವರ್ಗದ (ಕರೆಂಟ್ × ಕರೆಂಟ್) ಲೆಕ್ಕದಲ್ಲಿ ಹೋಗುವುದರಿಂದ ಅದು ಹತ್ತಿರ ಹತ್ತಿರ ಅರ್ಧವೇ ಇಳಿಯುತ್ತದೆ! ಆದರೆ ಹಾಕಿದ ಕೆಪಾಸಿಟರ್ ಕೆಟ್ಟರೆ ಬದಲಾಯಿಸುವವರಿಲ್ಲ. ಪಂಪ್‌ಸೆಟ್ಟಿಗೆ ಬಿಲ್ಲೇ ಇಲ್ಲದ ಮೇಲೆ ರೈತ ಯಾಕೆ ಖರ್ಚು ಮಾಡಬೇಕು? ಹಾಗಾದರೆ ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು, ಯಾರು ನೋಡಿಕೊಳ್ಳಬೇಕು? ಇದು ಒಬ್ಬ ಪ್ರೊಫೆಸರ್ ಇಡೀ ಸರ್ವಿಸ್ ಕೊಡಬಹುದಾದ ಪ್ರಶ್ನೆ.

ಈಗ ಏನಾಗುತ್ತಿದೆ ಅಂದರೆ, ಪ್ರಮೋಷನ್‌ಗೆ ಪೇಪರ್ ಎಣಿಸುತ್ತಾರೆ. ಬೇಗ ಪೇಪರ್ ಆಗಬೇಕು ಅಂದರೆ ರೆಡಿ ಡೇಟಾ ಬೇಕು. ಅದಕ್ಕೇ ಎಲ್ಲರೂ ಐಇಇಇ 14-ಬಸ್ ಸಿಸ್ಟಮ್ ಹಿಡಿಯುತ್ತಾರೆ. ಬಸ್ ಅಂದರೆ ಲೈನುಗಳು ಸೇರುವ ಜಾಗ; ಇದು ಲೆಕ್ಕ ಪರೀಕ್ಷಿಸಲು ಎಲ್ಲರೂ ಬಳಸುವ ರೆಡಿ ಮಾದರಿ. ಅದು 1962ರಲ್ಲಿ ಅಮೆರಿಕದ ಮಧ್ಯಪಶ್ಚಿಮದಲ್ಲಿದ್ದ ಗ್ರಿಡ್‌ನ ಒಂದು ತುಂಡು. ವಿತರಣೆಗೆ ಇಂಥದ್ದೇ ಮಾದರಿ 33-ಬಸ್ ಅಂತ ಇದೆ, ಅದು 12.66 ಕೆವಿ. ನಮ್ಮ ಹಳ್ಳಿ ಲೈನು 11 ಕೆವಿ. ಹೊಸ ವಿಧಾನವನ್ನು ಹಳೆಯದರ ಜೊತೆ ಹೋಲಿಸಲು ಇವು ಬೇಕೇ ಬೇಕು, ತಕರಾರಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಹೇಗೆ?

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರಗಳಿವೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟು. ಹಾಗಾಗಿ ಮುಂಗಾರಿನಲ್ಲಿ ಭರ್ಜರಿ ಕರೆಂಟ್. ತೋಟಕ್ಕೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಈ ಎರಡನ್ನೂ ಹೊಂದಿಸುವ ಲೆಕ್ಕವನ್ನು ಇಲ್ಲಿನ ಕಾಲೇಜಿನವರು ಮಾಡದೆ ಇನ್ಯಾರು ಮಾಡಬೇಕು, ಅಲ್ವಾ?

ಡೇಟಾ ಸಿಗಲ್ಲ ಸಾರ್ ಅಂತಾರೆ ಫೈನಲ್ ಇಯರ್ ಹುಡುಗರು. ಲ್ಯಾಬಿನಲ್ಲಿರುವ, ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ತಗೊಂಡು, ಲೈನ್‌ಮನ್ ಜೊತೆ ಮಾಡಿಕೊಂಡು ಕೊನೆಯ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಒಂದು ದಿನ ನಿಂತು ನೋಡಿ. ತೋಟದವರು ಬೇಡ ಅನ್ನುವುದಿಲ್ಲ. ಊಟ ಹಾಕಿಯೇ ಕಳಿಸುತ್ತಾರೆ.