ಒಂದೇ ಮನೆಯಲ್ಲಿದ್ದೂ ಪರಿಚಯವಿಲ್ಲ
ನಿನ್ನೆ ಸಂಜೆ ಪೂರ್ತಿ ‘ಅನ್‌ಡಿಫೈನ್ಡ್ ಸಿಂಬಲ್’ (ಕೇಳಿದ ಹೆಸರು ಸಿಗಲಿಲ್ಲ) ಅನ್ನೋ ಒಂದು ಎರರ್ ಸಾಲು ತಿಂದುಹಾಕಿತು.

ನನ್ನ ಸಿ ಪ್ರೋಗ್ರಾಮ್ ಡಿಎಲ್‌ಓಪನ್‌ನಿಂದ (ಓಡುತ್ತಿರುವಾಗಲೇ ಲೈಬ್ರರಿ ಸೇರಿಸಿಕೊಳ್ಳುವ ಫಂಕ್ಷನ್) ಎರಡು ಲೈಬ್ರರಿ ತೆರೆಯುತ್ತದೆ. ಲಾಗ್ ಬರೆಯುವ ಫಂಕ್ಷನ್ ಮೊದಲನೆಯದರಲ್ಲಿದೆ, ಅದು ಬೇಕಿರುವುದು ಎರಡನೆಯದಕ್ಕೆ. ಎರಡೂ ಒಂದೇ ಪ್ರೋಸೆಸ್‌ನಲ್ಲಿ ಕೂತಿವೆ. ಆದರೂ ಮುಖಪರಿಚಯ ಇಲ್ಲ! ಲಿನಕ್ಸ್‌ನಲ್ಲಿ ನಾವು ಏನೂ ಹೇಳದಿದ್ದರೆ ಆರ್‌ಟಿಎಲ್‌ಡಿ_ಲೋಕಲ್ ಅಂತಲೇ ಲೆಕ್ಕ, ಅಂದರೆ ಒಂದು ಲೈಬ್ರರಿಯ ಹೆಸರುಗಳು ಆಮೇಲೆ ತೆರೆದ ಇನ್ನೊಂದಕ್ಕೆ ಕಾಣೋದಿಲ್ಲ. ಮ್ಯಾಕ್‌ನಲ್ಲಿ ಉಲ್ಟಾ, ಅಲ್ಲಿ ಗ್ಲೋಬಲ್, ಅಂದರೆ ಕಾಣುತ್ತವೆ.

ಹೊಟ್ಟೆ ಉರಿಯೋದು ಇದಕ್ಕೆ: ಆರ್‌ಟಿಎಲ್‌ಡಿ_ಲೇಝಿ (ಫಂಕ್ಷನ್ ಕರೆದಾಗಷ್ಟೇ ಅದನ್ನು ಹುಡುಕು) ಹಾಕಿದ್ದೆ, ಹಾಗಾಗಿ ತೆರೆಯುವಾಗ ಸುಮ್ನೆ ಇತ್ತು. ಹತ್ತು ನಿಮಿಷ ಚೆನ್ನಾಗಿ ಓಡಿ, ಆ ಫಂಕ್ಷನನ್ನು ಮೊದಲ ಸಲ ಕರೆದಾಗ ಧೊಪ್ಪಂತ ಬಿತ್ತು. ಆರ್‌ಟಿಎಲ್‌ಡಿ_ನೌ (ತೆರೆಯುವಾಗಲೇ ಎಲ್ಲ ಹುಡುಕು) ಹಾಕಿದ್ದರೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು, ಅಲ್ವಾ?

ಸರಿ, ಗ್ಲೋಬಲ್ ಹಾಕಿದೆ. ಈಗ ಇನ್ನೊಂದು ತಲೆನೋವು. ಎರಡರಲ್ಲೂ ‘ಇನಿಟ್’ ಅನ್ನೋ ಫಂಕ್ಷನ್ ಇದೆ, ಸ್ಟ್ಯಾಟಿಕ್ ಮಾಡಿ ಆಯಾ ಫೈಲಿನೊಳಗೇ ಬಚ್ಚಿಟ್ಟಿಲ್ಲ (ತಪ್ಪು ನನ್ನದೇ, ಒಪ್ಪಿದೆ). ಎರಡನೆಯದು ತನ್ನ ಇನಿಟ್ ಕರೆದರೆ ಓಡಿಬರುವುದು ಮೊದಲನೆಯದರ ಇನಿಟ್. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಬರೀ ತಪ್ಪು ಉತ್ತರ. ಇದಕ್ಕಿಂತ ಧೊಪ್ಪಂತ ಬೀಳೋದೇ ಮೇಲು.

ಕೊನೆಗೆ ಗ್ಲೋಬಲ್ ತೆಗೆದು, ಲಾಗ್ ಕೋಡನ್ನೇ ಮೂರನೇ ಲೈಬ್ರರಿ ಮಾಡಿ ಎರಡಕ್ಕೂ ಲಿಂಕ್ ಮಾಡಿದೆ. ಐದು ನಿಮಿಷದ ಕೆಲಸ. ಅಷ್ಟೊತ್ತಿಗೆ ರಾತ್ರಿ ಹನ್ನೊಂದಾಗಿತ್ತು.